ಹಳೇ ಮ್ಯಾಸ್ಸಿಗೆ ಸ್ಪಿನ್-ಆನ್ ಆಯಿಲ್ ಫಿಲ್ಟರ್: ಹೆಡ್ ಬದಲಿಸುವ ಮುಂಚೆ ಬೈಪಾಸ್ ಎಲ್ಲಿದೆ ನೋಡಿ

ಪ್ರಶ್ನೆ: ಸರ್, ನಮ್ಮದು ಕೊಪ್ಪಳ ಜಿಲ್ಲೆ, ಕಾರಟಗಿ ಹತ್ತಿರ ಊರು. ಅಪ್ಪ ಕೊಂಡ 1988ರ ಮ್ಯಾಸ್ಸಿ 1035 ಟ್ರ್ಯಾಕ್ಟರ್ ಇನ್ನೂ ನಮ್ಮಲ್ಲಿದೆ. ವರ್ಷಕ್ಕೆ ಎರಡು ಭತ್ತದ ಬೆಳೆಗೆ ಕೇಜ್ ವೀಲ್ ಹಾಕಿ ಗದ್ದೆ ಹೊಡೆಯುವುದು ಇದರಲ್ಲೇ. ಆಯಿಲ್ ಫಿಲ್ಟರ್ ಹಳೇ ಕಾಲದ ಬೌಲ್ ಟೈಪ್. ಆಯಿಲ್ ಬದಲಿಸಿದಾಗೆಲ್ಲ ಬೌಲ್‌ನ ಮೇಲಿನ ರಿಂಗ್ ಹತ್ತಿರ ಸೋರುತ್ತದೆ. ಈಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಗೇಜಿನ ಮುಳ್ಳು ಮೇಲೇಳಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ. ಗಂಗಾವತಿಯ ಲೇತ್ ಅಂಗಡಿಯವರು ‘ಅಡಾಪ್ಟರ್ ಮಾಡಿ ಕೊಡ್ತೀನಿ, ಕಾರಿನ ಡಬ್ಬಿ ಫಿಲ್ಟರ್ ಹಾಕ್ರಿ’ ಅನ್ನುತ್ತಾರೆ. ನಮ್ಮ ಮಾವ ‘ಹಳೇ ಎಂಜಿನ್ನಿಗೆ ಪ್ರೆಶರ್ ಜಾಸ್ತಿ ಆಗಿ ಸೀಲು ಹೋಗ್ತಾವ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮಾಡಬಹುದು. ಆ ಡಬ್ಬಿ ಫಿಲ್ಟರನ್ನೇ ಸ್ಪಿನ್-ಆನ್ ಅನ್ನುವುದು, ಪೂರ್ತಿ ಡಬ್ಬಿಯನ್ನೇ ತಿರುಗಿಸಿ ಹತ್ತಿಸುತ್ತೇವೆ. ಸರಿಯಾಗಿ ಮಾಡಿದರೆ ಎಂಜಿನ್ನಿಗೆ ಒಳ್ಳೆಯದೇ. ಆದರೆ ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಸೋರುವ ಎಣ್ಣೆಯ ಮೇಲಲ್ಲ, ಬೆಳಿಗ್ಗೆ ತಡವಾಗಿ ಏಳುವ ಮುಳ್ಳಿನ ಮೇಲೆ. ಬೌಲ್ ಹೊರಗೆ ಸೋರಿದರೆ ಕಾಣುತ್ತದೆ, ಒರೆಸುತ್ತೀರಿ, ಕಮ್ಮಿಯಾದಷ್ಟು ಹಾಕುತ್ತೀರಿ. ಬೌಲ್ ಒಳಗೇ ಸೋರಿದರೆ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಸೋಸದ ಎಣ್ಣೆ ಸೀದಾ ಬೇರಿಂಗಿಗೆ ಹೋಗುತ್ತಿರುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಮೊದಲು ಬೌಲ್ ಬಿಚ್ಚಿ, ಒಳಗಿನ ಸಾಮಾನೆಲ್ಲ ಒಂದು ಹಳೇ ಪೇಪರ್ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿ ಇಡಿ. ನಡುವೆ ಉದ್ದನೆಯ ಬೋಲ್ಟ್. ತಳದಲ್ಲಿ ಸ್ಪ್ರಿಂಗ್. ಅದರ ಮೇಲೆ ತಗಡಿನ ವಾಷರ್, ವಾಷರ್ ಮೇಲೆ ರಬ್ಬರ್ ಅಥವಾ ಫೆಲ್ಟ್ ಸೀಲ್, ಅದರ ಮೇಲೆ ಎಲಿಮೆಂಟ್, ಅಂದರೆ ಎಣ್ಣೆ ಸೋಸುವ ಮಡಿಕೆ ಕಾಗದದ ಉರುಳೆ. ಪಂಪಿನಿಂದ ಬಂದ ಎಣ್ಣೆ ಎಲಿಮೆಂಟಿನ ಸುತ್ತ ಹೊರಗಡೆ ತುಂಬುತ್ತದೆ. ಕಾಗದದ ಮಡಿಕೆ ದಾಟಿ ಒಳಗೆ ಬರುತ್ತದೆ. ಬೋಲ್ಟಿನ ಸುತ್ತ ಇರುವ ಸಂದಿಯಲ್ಲಿ ಮೇಲೆ ಹತ್ತಿ ಎಂಜಿನ್ನಿಗೆ ಹೋಗುತ್ತದೆ. ಆ ಸ್ಪ್ರಿಂಗು ಎಲಿಮೆಂಟನ್ನು ಮೇಲಕ್ಕೆ ಒತ್ತಿ ಹಿಡಿದಿದ್ದರೆ, ಎರಡೂ ತುದಿಯ ಸೀಲ್ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಈ ದಾರಿ ನಿಜ. ಸೀಲ್ ಇಲ್ಲ ಅಂದರೆ ಎಣ್ಣೆ ಕಾಗದದ ತಂಟೆಗೇ ಹೋಗುವುದಿಲ್ಲ. ಸಂದಿಯಲ್ಲಿ ನುಸುಳಿ ಆಚೆ ಹೋಗುತ್ತದೆ.

ನಮ್ಮ ಶೆಡ್‌ಗೆ ಬರುವ ಹಳೇ ಗಾಡಿಗಳಲ್ಲಿ ಆ ತಳದ ಸೀಲ್ ಇಲ್ಲದ ಬೌಲ್‌ಗಳನ್ನು ನಾನು ಬಹಳ ನೋಡಿದ್ದೇನೆ. ಯಾವಾಗಲೋ ಒಮ್ಮೆ ಎಲಿಮೆಂಟ್ ಬದಲಿಸುವಾಗ ಅದು ಹಳೇ ಎಲಿಮೆಂಟಿಗೆ ಅಂಟಿಕೊಂಡು ಕಸದ ಡಬ್ಬಿಗೆ ಹೋಗಿರುತ್ತದೆ. ಆಮೇಲೆ ಗಾಡಿ ಕೈಗೆ ಬಂದವರಿಗೆಲ್ಲ ಅದು ಇರಬೇಕಿತ್ತು ಅಂತಲೇ ಗೊತ್ತಿರುವುದಿಲ್ಲ. ಗುರುತು ಹಿಡಿಯುವುದು ಸುಲಭ. ಇನ್ನೂರು ತಾಸು ಓಡಿದ ಎಲಿಮೆಂಟಿನ ಮಡಿಕೆ ಬಿಡಿಸಿ ನೋಡಿ. ಎಣ್ಣೆ ಕಪ್ಪಗಿದೆ, ಮಡಿಕೆಗಳ ಬುಡದಲ್ಲಿ ಮಾತ್ರ ಕೊಳೆ ಇಲ್ಲ ಅಂದರೆ ಆ ಎಲಿಮೆಂಟ್ ಸುಮ್ನೆ ಕೂತು ಸಂಬಳ ತಿಂದಿದೆ.

ಮೇಲಿನ ರಿಂಗ್ ಸೋರುವುದಕ್ಕೂ ಬಹಳ ಸಲ ಒಂದೇ ಕಾರಣ. ಬೌಲ್ ಅನ್ನು ಮೇಲಿಂದ ಹಿಡಿದಿರುವ ಭಾಗವೇ ಫಿಲ್ಟರ್ ಹೆಡ್. ಅದರ ಅಡಿಯಲ್ಲಿ ಒಂದು ಸುತ್ತಿನ ಗ್ರೂವ್ ಇದೆ, ಅದರೊಳಗೆ ರಿಂಗ್ ಕೂರುತ್ತದೆ. ಹಳೇ ರಿಂಗು ಬಿಸಿಗೆ ಬೆಂದು ಬಳೆಯ ಹಾಗೆ ಗಟ್ಟಿಯಾಗಿ ಆ ಗ್ರೂವ್‌ನಲ್ಲೇ ಉಳಿದುಬಿಡುತ್ತದೆ. ಮೇಲಿಂದ ನೋಡಿದರೆ ಕಬ್ಬಿಣದ ಜೊತೆ ಒಂದೇ ಬಣ್ಣ. ಅದರ ಮೇಲೆ ಹೊಸ ರಿಂಗ್ ಇಟ್ಟರೆ ಕೂರುವುದಾದರೂ ಎಲ್ಲಿ? ಚೀಲ ಹೊಲಿಯುವ ದಬ್ಬಣ ತಗೊಳ್ಳಿ. ಗ್ರೂವ್ ಸುತ್ತ ನಿಧಾನಕ್ಕೆ ಎಳೆಯುತ್ತಾ ಬನ್ನಿ. ಎಲ್ಲಾದರೂ ಮೊನೆ ಸ್ವಲ್ಪ ಒಳಗೆ ಚುಚ್ಚಿದ ಹಾಗಾದರೆ ಅಲ್ಲಿ ರಬ್ಬರ್ ಇದೆ. ಪೂರ್ತಿ ಕಬ್ಬಿಣವಾದರೆ ಮೊನೆ ಜಾರಿ ಕಿರ್ ಅನ್ನುತ್ತದೆ. ಹಳೆಯದು ತುಂಡು ತುಂಡಾಗಿಯೇ ಬರುವುದು, ಅರ್ಧ ತಾಸು ಬೇಕಾದೀತು, ಅವಸರ ಬೇಡ. ಸ್ಕ್ರೂಡ್ರೈವರ್ ಹಾಕಿ ಕೆತ್ತಿ ಗ್ರೂವ್‌ಗೆ ಗೀರು ಮಾಡಬೇಡಿ.

ಇಷ್ಟು ಮಾಡಿ, ಹೊಸ ರಿಂಗ್, ಹೊಸ ತಳದ ಸೀಲ್, ಒಳ್ಳೆಯ ಎಲಿಮೆಂಟ್ ಹಾಕಿದ ಮೇಲೆ ಸೋರುವುದು ನಿಂತಿತು ಅನ್ನಿ. ಆಗ ಬೌಲ್ ಹಾಗೇ ಇರಲಿ ಅಂದರೂ ನನ್ನದೇನೂ ತಕರಾರಿಲ್ಲ. ಬೌಲ್ ಫಿಲ್ಟರ್ ಕೆಟ್ಟ ಸಾಮಾನಲ್ಲ. ಬೌಲ್‌ನ ತಳಕ್ಕೆ ಬೆರಳು ಹಾಕಿ ತಿಕ್ಕಿ ನೋಡಿದರೆ ಎಂಜಿನ್ನಿನ ಆರೋಗ್ಯ ಗೊತ್ತಾಗುತ್ತಿತ್ತು, ಡಬ್ಬಿ ಫಿಲ್ಟರಿನಲ್ಲಿ ಆ ಅನುಕೂಲ ಇಲ್ಲ. ಆದರೆ ಬೌಲ್‌ನ ಅಂಚು ಜಜ್ಜಿದ್ದರೆ, ನಡುವಿನ ಬೋಲ್ಟಿನ ಥ್ರೆಡ್ ಹೆಡ್‌ನಲ್ಲಿ ಸವೆದಿದ್ದರೆ, ಅಥವಾ ಸಿಗುವ ಎಲಿಮೆಂಟುಗಳು ಕೈಯಲ್ಲಿ ಒತ್ತಿದರೆ ಸೊಟ್ಟಗಾಗುವಂಥವಾದರೆ ಬದಲಿಸಿ. ಸ್ಪಿನ್-ಆನ್ ಫಿಲ್ಟರಿನ ನಿಜವಾದ ಲಾಭ ಇರುವುದು ಇಲ್ಲಿ. ಕಾಗದ, ಸ್ಪ್ರಿಂಗ್, ಒಳಗಿನ ಸೀಲ್ ಎಲ್ಲ ಕಾರ್ಖಾನೆಯಲ್ಲೇ ಕೂಡಿಸಿ ಡಬ್ಬಿ ಮುಚ್ಚಿರುತ್ತಾರೆ. ವಾಷರ್ ಕಳೆಯುವ ಮಾತಿಲ್ಲ. ಹೊಲದ ಬದುವಿನ ಮೇಲೆ ನಿಂತು ಬದಲಿಸಿದರೂ ಒಳಗೆ ಧೂಳು ಹೋಗುವುದು ಕಮ್ಮಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲೇತ್ ಅಂಗಡಿಯವರಿಗೆ ಇನ್ನೂ ಹೂಂ ಅನ್ನಬೇಡಿ. ಮೊದಲು ಒಂದು ಪ್ರಶ್ನೆ ಕೇಳಿ: ಬೈಪಾಸ್ ವಾಲ್ವ್ ಎಲ್ಲಿ ಇರುತ್ತದೆ?

ಕಾಲುವೆಯಿಂದ ಹೊಲಕ್ಕೆ ನೀರು ಬರುವ ಪೈಪಿನ ಬಾಯಿಗೆ ಜಾಲರಿ ಕಟ್ಟುತ್ತೀರಿ ಅಲ್ವಾ? ಕಸ ತುಂಬಿ ಜಾಲರಿ ಕಟ್ಟಿಕೊಂಡರೆ ಸಸಿ ಒಣಗುತ್ತದೆ. ಅಂಥ ಹೊತ್ತಿನಲ್ಲಿ ಕಸದ ನೀರಾದರೂ ಬರಲಿ ಅಂತ ಜಾಲರಿ ಎತ್ತಿಬಿಡುತ್ತೀರಿ. ಎಂಜಿನ್ನಿನಲ್ಲಿ ಆ ಕೆಲಸ ಮಾಡುವುದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡಾಗ, ಅಥವಾ ತಂಪು ಹೊತ್ತಿನಲ್ಲಿ ಎಣ್ಣೆ ಗಟ್ಟಿಯಿದ್ದಾಗ, ಕಾಗದದ ಈಚೆಗೂ ಆಚೆಗೂ ಒತ್ತಡದ ವ್ಯತ್ಯಾಸ ಒಂದು ಮಿತಿ ದಾಟುತ್ತದೆ. ಆಗ ಈ ವಾಲ್ವಿನ ಸ್ಪ್ರಿಂಗು ಸರಿದು ಎಣ್ಣೆಗೆ ಸೀದಾ ದಾರಿ ಬಿಡುತ್ತದೆ. ಸೋಸದ ಎಣ್ಣೆ ಬೇರಿಂಗನ್ನು ನಿಧಾನಕ್ಕೆ ತಿನ್ನುತ್ತದೆ. ಎಣ್ಣೆಯೇ ಇಲ್ಲದಿದ್ದರೆ ಕೆಲವೇ ನಿಮಿಷದಲ್ಲಿ ಬೇರಿಂಗ್ ಹಿಡಿಯುತ್ತದೆ.

ಹಳೇ ಎಂಜಿನ್‌ಗಳಲ್ಲಿ ಈ ವಾಲ್ವ್ ಬಹಳಷ್ಟು ಸಲ ಫಿಲ್ಟರ್ ಹೆಡ್‌ನೊಳಗೇ ಇರುತ್ತದೆ. ಒಂದು ಗುಂಡು, ಒಂದು ಸ್ಪ್ರಿಂಗ್, ಹೊರಗಡೆ ಒಂದು ಪ್ಲಗ್. ನೀವು ಹೆಡ್ ತೆಗೆದು ಬದಲಿ ಹಾಕಿದರೆ ವಾಲ್ವೂ ಅದರ ಜೊತೆ ಹೋಯಿತು. ಹೊಸ ಹೆಡ್‌ನಲ್ಲಿ ವಾಲ್ವ್ ಇಲ್ಲದಿದ್ದರೆ ಡಬ್ಬಿಯೊಳಗೆ ಇರಲೇಬೇಕು. ಎರಡರಲ್ಲೂ ಇದ್ದರೆ ಮೆತ್ತಗಿನ ಸ್ಪ್ರಿಂಗ್ ಮೊದಲು ತೆರೆಯುತ್ತದೆ, ದೊಡ್ಡ ಅಪಾಯವಿಲ್ಲ. ಎರಡರಲ್ಲೂ ಇಲ್ಲದಿದ್ದರೆ ಎಂಜಿನ್ ಹೋಗುವುದು ಖಾತ್ರಿ, ಯಾವಾಗ ಅನ್ನುವುದಷ್ಟೇ ಪ್ರಶ್ನೆ. ಫಿಲ್ಟರ್ ಡಬ್ಬಿಗಳಲ್ಲಿ ಎರಡೂ ಜಾತಿ ಇವೆ. ಹೊರಗಿಂದ ಒಂದೇ ಅಳತೆ, ಒಂದೇ ಥ್ರೆಡ್, ಒಂದೇ ಬಣ್ಣ. ಒಂದರಲ್ಲಿ ವಾಲ್ವ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅದಕ್ಕೇ ‘ಥ್ರೆಡ್ ಕೂತರೆ ಸಾಕು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಸಿರುಗುಪ್ಪ ಕಡೆಯಿಂದ ಒಂದು ಗಾಡಿ ನಮ್ಮಲ್ಲಿಗೆ ಬಂದಿತ್ತು. ಬೇರೆ ಊರಲ್ಲಿ ಅಡಾಪ್ಟರ್ ಮಾಡಿಸಿದ್ದರು, ಕೆಲಸ ಕಣ್ಣಿಗೆ ಚೆನ್ನಾಗಿಯೇ ಇತ್ತು. ಎರಡು ಬೆಳೆ ಓಡಿತು. ಮೂರನೆಯ ಸಲ ಗದ್ದೆ ಹೊಡೆಯುವಾಗ ಕೆಳಗಿಂದ ಟಕ ಟಕ ಶಬ್ದ. ಚೇಂಬರ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಇಳಿಸಿ ನೋಡಿದರೆ ಬೇರಿಂಗ್‌ನ ಬೆಳ್ಳಗಿನ ಪದರ ಸವೆದು ತಾಮ್ರದ ಬಣ್ಣ ಎದ್ದು ಕಾಣುತ್ತಿತ್ತು. ಅಡಾಪ್ಟರ್ ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದೆ. ನಡುವಿನ ಟೊಳ್ಳು ಸ್ಟಡ್‌ನ, ಅಂದರೆ ಡಬ್ಬಿ ತಿರುಗಿಸಿ ಹತ್ತಿಸುವ ಥ್ರೆಡ್ ಕೊಳವೆಯ, ತೂತಿಗೆ ನನ್ನ ಪೆನ್ ಕೂಡ ಹೋಗಲಿಲ್ಲ. ಅಳೆದರೆ 8 ಮಿ.ಮೀ. ಹೆಡ್‌ನಲ್ಲಿ ಬೈಪಾಸ್ ಇಲ್ಲ, ಡಬ್ಬಿಯಲ್ಲೂ ಇಲ್ಲ. ಆ ರೈತ ಯಾವತ್ತೂ ಆಯಿಲ್ ಚೇಂಜ್ ತಪ್ಪಿಸಿದವರಲ್ಲ. ಅವರ ಮುಖ ನೋಡಿ ನನಗೆ ಹೊಟ್ಟೆ ಉರಿಯಿತು.

ತೂತಿನ ಲೆಕ್ಕ ಸಣ್ಣದು ಅನ್ನಿಸಬಹುದು, ಆದರೆ ನೋಡಿ. 12 ಮಿ.ಮೀ. ತೂತಿನ ವಿಸ್ತೀರ್ಣ ಸುಮಾರು 113 ಚದರ ಮಿ.ಮೀ. 8 ಮಿ.ಮೀ. ತೂತಿನದು ಬರೀ 50. ಅಳತೆ ಮೂರರಲ್ಲಿ ಒಂದು ಪಾಲು ಇಳಿದರೆ ದಾರಿ ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಇದು ಸೋಸಿದ ಎಣ್ಣೆ ಎಂಜಿನ್ನಿಗೆ ಹೋಗುವ ಒಂದೇ ದಾರಿ. ನಿಮ್ಮ ಹಳೇ ಹೆಡ್‌ನಲ್ಲಿ ಬೋಲ್ಟಿನ ಸುತ್ತ ಎಷ್ಟು ಸಂದಿ ಇತ್ತೋ ಅದಕ್ಕೆ ಆದಷ್ಟು ಹತ್ತಿರದ ವಿಸ್ತೀರ್ಣ ಹೊಸ ಸ್ಟಡ್‌ನಲ್ಲಿ ಸಿಗಬೇಕು. ಉದಾಹರಣೆಗೆ ಹೆಡ್‌ನ ತೂತು 20 ಮಿ.ಮೀ., ಬೋಲ್ಟ್ 12 ಮಿ.ಮೀ. ಆದರೆ ಸಂದಿ ಸುಮಾರು 200 ಚದರ ಮಿ.ಮೀ. ಆಯಿತು. ವರ್ನಿಯರ್ ಹಿಡಿದು ಐದು ನಿಮಿಷ ಕೂತರೆ ಲೆಕ್ಕ ಮುಗಿಯುತ್ತದೆ.

ಇನ್ನೊಂದು ವಿಷಯ ಗಾಡಿಯ ಹತ್ತಿರ ನಿಂತೇ ನೋಡಬೇಕು. ನಿಮ್ಮ ಫಿಲ್ಟರ್ ಪೂರ್ತಿ ಎಣ್ಣೆ ಸೋಸುವಂಥದ್ದೋ, ಬರೀ ಒಂದು ಪಾಲು ಸೋಸುವಂಥದ್ದೋ? ಬಹಳ ಹಳೇ ಕೆಲವು ಎಂಜಿನ್‌ಗಳಲ್ಲಿ ಪಂಪ್ ಎಣ್ಣೆ ಸೀದಾ ಬೇರಿಂಗಿಗೆ ಹೋಗುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಪೈಪಿನಿಂದ ಸ್ವಲ್ಪ ಎಣ್ಣೆ ಮಾತ್ರ ಫಿಲ್ಟರಿಗೆ ಹೋಗಿ, ಅಲ್ಲಿಂದ ಚೇಂಬರಿಗೆ ವಾಪಸ್ ಬೀಳುತ್ತದೆ. ಬೆರಳಿಗಿಂತ ತೆಳ್ಳಗಿನ ಪೈಪು ಹೊರಗಿಂದ ಫಿಲ್ಟರಿಗೆ ಬಂದಿದ್ದರೆ ಅದು ಈ ಜಾತಿ. ಫಿಲ್ಟರ್ ಹೆಡ್ ಸೀದಾ ಬ್ಲಾಕಿಗೆ ಬೋಲ್ಟ್ ಆಗಿ, ಗ್ಯಾಸ್ಕೆಟ್ ಅಡಿಯಲ್ಲಿ ಎರಡು ದೊಡ್ಡ ತೂತು ಇದ್ದರೆ ಪೂರ್ತಿ ಸೋಸುವ ಜಾತಿ. ಮೊದಲನೆಯ ಜಾತಿಯಾದರೆ ಆ ದಾರಿಯಲ್ಲಿ ಒಂದು ಸಣ್ಣ ಕಿಂಡಿ ಬೇಕೇ ಬೇಕು. ಇಲ್ಲದಿದ್ದರೆ ಪಂಪಿನ ಎಣ್ಣೆಯೆಲ್ಲ ಚೇಂಬರಿಗೆ ವಾಪಸ್ ಸುರಿದು ಪ್ರೆಶರ್ ಕುಸಿಯುತ್ತದೆ. ಅಂಥ ಎಂಜಿನ್ನಿಗೆ ಕೆಳಗೆ ನಾನು ಹೇಳುವ ಕೆಲಸ ಮಾಡಬೇಡಿ.

ಎಂಜಿನ್ನಿನ ಪ್ಲೇಟ್ ಕೂಡ ಒರೆಸಿ ಓದಿ. ನಿಮ್ಮ ಗಾಡಿಯ ಸಿಂಪ್ಸನ್ ಎಂಜಿನ್ ಪರ್ಕಿನ್ಸ್ ಮನೆತನದ್ದು. ಆ ಮನೆತನದ ಹೆಸರುಗಳಲ್ಲಿ 3.144, 3.152 ಅಂತ ಬರುತ್ತದೆ. ಮೊದಲ ಅಂಕಿ ಸಿಲಿಂಡರ್ ಎಷ್ಟು ಅನ್ನುವುದು, ಚುಕ್ಕೆಯ ಆಮೇಲಿನದು ಘನ ಇಂಚಿನಲ್ಲಿ ಎಂಜಿನ್ನಿನ ಅಳತೆ. 152 ಅಂದರೆ ಸುಮಾರು 2.5 ಲೀಟರ್. ಮೂವತ್ತು ನಲವತ್ತು ವರ್ಷದ ಗಾಡಿಗಳಲ್ಲಿ ಎಂಜಿನ್ನೇ ಬದಲಾಗಿರುವುದೂ ಉಂಟು. ‘1035ಕ್ಕೆ ಕೊಡ್ರಿ’ ಅಂತ ಕೇಳಿದರೆ ಅಂಗಡಿಯವರು ಕೊಡುವ ಹೆಡ್ ನಿಮ್ಮ ಬ್ಲಾಕಿಗೆ ಕೂರದೇ ಇರಬಹುದು. ಹಳೇ ಹೆಡ್‌ನ ಗ್ಯಾಸ್ಕೆಟನ್ನೇ ಕೈಯಲ್ಲಿ ಹಿಡಿದು ಹೋಗಿ. ಬೋಲ್ಟ್ ತೂತು, ಎಣ್ಣೆಯ ತೂತು ಒಂದರ ಮೇಲೊಂದು ಇಟ್ಟು ತಾಳೆ ನೋಡಿ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ದಾರಿ, ಅದೇ ಮನೆತನದ ಎಂಜಿನ್ನಿನ ಹೊಸ ಮಾದರಿಗೆ ಕಂಪನಿಯೇ ಸ್ಪಿನ್-ಆನ್ ಕೊಟ್ಟಿದ್ದರೆ ಆ ಹೆಡ್ ತಂದು ಹಾಕುವುದು. ಬೈಪಾಸ್, ತೂತಿನ ಅಳತೆ, ಥ್ರೆಡ್ ಎಲ್ಲ ಅವರೇ ಯೋಚಿಸಿ ಮಾಡಿರುತ್ತಾರೆ. ಆ ಎಂಜಿನ್ನಿಗೆ ಬರೆದ ಫಿಲ್ಟರನ್ನೇ ಹಾಕಿದರೆ ಮುಗಿಯಿತು. ಆಮೇಲೆ ಈ ಕೆಲಸಕ್ಕೇ ಅಂತ ಮಾಡಿದ ರೆಡಿ ಕನ್ವರ್ಷನ್ ಹೆಡ್. ಹಳೇ ಮ್ಯಾಸ್ಸಿ 35ಕ್ಕೆ ಹೊರದೇಶಗಳಲ್ಲಿ ಇಂಥವು ಬಹಳ ವರ್ಷದಿಂದ ಮಾರಾಟವಾಗುತ್ತಿವೆ. ಲೇತ್‌ನಲ್ಲಿ ಮಾಡಿಸುವುದು ಕೊನೆಯ ದಾರಿ. ಬೇಡ ಅನ್ನುವುದಿಲ್ಲ, ಗಂಗಾವತಿ, ಸಿಂಧನೂರಿನಲ್ಲಿ ಕೈಗುಣ ಇರುವ ಲೇತ್ ಮೇಸ್ತ್ರಿಗಳು ಇದ್ದಾರೆ. ಆದರೆ ಅವರಿಗೆ ಎಣ್ಣೆಯ ದಾರಿ ನೀವು ಹೇಳಬೇಕು.

ಲೇತ್‌ನಲ್ಲೇ ಮಾಡಿಸುವುದಾದರೆ ಮೂರು ಕಡೆ ಕಣ್ಣಿಡಿ. ಡಬ್ಬಿಯ ರಬ್ಬರ್ ಕೂರುವ ಮುಖ ಸಪಾಟಾಗಿ ನುಣ್ಣಗಿರಬೇಕು. ಉಗುರು ಎಳೆದರೆ ಟೂಲ್‌ನ ಗೆರೆ ತಾಗಬಾರದು. ಎರಡನೆಯದು ಟೊಳ್ಳು ಸ್ಟಡ್. ಅದನ್ನು ಹೆಡ್‌ಗೆ ಬಿಗಿ ಮಾಡಿ ಲಾಕ್ ಮಾಡಿರಬೇಕು. ಇಲ್ಲದಿದ್ದರೆ ಮುಂದಿನ ಸಲ ಡಬ್ಬಿ ಬಿಚ್ಚುವಾಗ ಸ್ಟಡ್ಡೂ ಜೊತೆಗೆ ಬಿಚ್ಚಿಕೊಂಡು ಬರುತ್ತದೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಡಬ್ಬಿಗೆ ಎಣ್ಣೆ ಹೋಗುವುದು ಸುತ್ತಲಿನ ಸಣ್ಣ ತೂತುಗಳಿಂದ, ವಾಪಸ್ ಬರುವುದು ನಡುವಿನಿಂದ. ಈ ಎರಡು ಕೋಣೆಗಳ ನಡುವಿನ ಗೋಡೆ ಅಡಾಪ್ಟರಿನಲ್ಲಿ ಗಟ್ಟಿಯಾಗಿರಬೇಕು, ಒಂದು ಓ-ರಿಂಗ್ ಬೇಕು. ಅಲ್ಲಿ ಸಂದಿ ಬಿಟ್ಟರೆ ಹಳೇ ಬೌಲ್‌ನ ರೋಗವೇ ಹೊಸ ಡಬ್ಬಿಯಲ್ಲಿ ಮುಂದುವರಿಯುತ್ತದೆ, ಅದೂ ಕಾಣದ ಹಾಗೆ. ಪರೀಕ್ಷೆ ಸುಲಭ. ಅಡಾಪ್ಟರನ್ನು ಹಳೇ ಹೆಡ್‌ಗೆ ಕೂರಿಸಿ, ಬೋರಲು ಹಾಕಿ ವೈಸ್‌ಗೆ ಕಟ್ಟಿ. ಹೆಡ್‌ನ ಎಣ್ಣೆ ಒಳಗೆ ಬರುವ ತೂತನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಹೊರಗಿನ ಸುತ್ತಿನ ಕೋಣೆಗೆ ಡೀಸೆಲ್ ತುಂಬಿ ಚಹಾ ಕುಡಿದು ಬನ್ನಿ. ನಡುವಿನ ತೂತಿನ ಕಡೆ ಒಂದು ಹನಿ ಬಂದಿದ್ದರೂ ಮತ್ತೆ ಮಾಡಿಸಿ.

ತೊಳೆಯುವ ಮಾತು ಬಿಡಿಸಿ ಹೇಳಲೇಬೇಕು. ಸ್ಟಡ್‌ನ ಒಳಗೆ ಉಳಿದ ಒಂದು ಕಬ್ಬಿಣದ ಚೂರು ಫಿಲ್ಟರ್ ದಾಟಿದ ಜಾಗದಲ್ಲಿರುತ್ತದೆ. ಅಲ್ಲಿಂದ ಮುಂದೆ ಅದನ್ನು ಹಿಡಿಯುವವರು ಯಾರೂ ಇಲ್ಲ, ಸೀದಾ ಕ್ರ್ಯಾಂಕಿಗೆ ಹೋಗುತ್ತದೆ. ಬ್ರಶ್ ಹಾಕಿ ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಮತ್ತೆ ತೊಳೆಯಿರಿ. ಬಿಳಿ ಬಟ್ಟೆಯ ಬತ್ತಿ ಮಾಡಿ ತೂತಿನಲ್ಲಿ ಎಳೆದರೆ ಅದು ಬಿಳಿಯಾಗಿಯೇ ಹೊರಗೆ ಬರಬೇಕು. ಹಾಗೇ ಹೆಡ್ ಮತ್ತು ಬ್ಲಾಕಿನ ನಡುವೆ ಸಿಲಿಕಾನ್ ಪೇಸ್ಟ್ ಬಳಿಯಬೇಡಿ. ಬೋಲ್ಟ್ ಬಿಗಿ ಮಾಡಿದಾಗ ಅದು ಒಳಗೂ ಉಬ್ಬುತ್ತದೆ. ಒಣಗಿದ ಮೇಲೆ ತುಂಡಾಗಿ ಎಣ್ಣೆಯ ದಾರಿಗೆ ಬೀಳುತ್ತದೆ. ಒಳ್ಳೆಯ ಗ್ಯಾಸ್ಕೆಟ್ ಪೇಪರ್ ಕತ್ತರಿಸಿ, ತೂತುಗಳು ಮುಚ್ಚದ ಹಾಗೆ ಕೂರಿಸಿ.

ಥ್ರೆಡ್ ವಿಷಯದಲ್ಲಿ ನಮ್ಮ ಕಡೆ ನಡೆಯುವ ತಪ್ಪು ಒಂದಿದೆ. ಡಬ್ಬಿ ಫಿಲ್ಟರುಗಳಲ್ಲಿ ತುಂಬಾ ಬಳಕೆಯಲ್ಲಿರುವುದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು. ಅದರ ಪಕ್ಕದಲ್ಲೇ 20 ಮಿ.ಮೀ., 1.5 ಪಿಚ್ ಅನ್ನುವ ಇನ್ನೊಂದು ಇದೆ. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ., ಅದರ ಪಿಚ್ 1.59. ಎರಡೂ ಅವಳಿ ಮಕ್ಕಳ ಹಾಗೆ. 20ರ ಡಬ್ಬಿ ಮುಕ್ಕಾಲು ಇಂಚಿನ ಸ್ಟಡ್ಡಿಗೆ ಆರಾಮಾಗಿ ಹತ್ತುತ್ತದೆ, ಕೈಗೆ ಬಿಗಿಯೂ ಅನ್ನಿಸುತ್ತದೆ. ಆದರೆ ಥ್ರೆಡ್‌ನ ತುದಿಗಳಷ್ಟೇ ಹಿಡಿದಿರುತ್ತವೆ. ಎಣ್ಣೆ ಬಿಸಿಯಾಗಿ, ಪ್ರೆಶರ್ ಏರಿ, ಗಾಡಿ ಅದುರಿದಾಗ ಡಬ್ಬಿ ಹಾರಿ ಹೋಗಬಹುದು. ಚೇಂಬರ್ ಖಾಲಿಯಾಗಲು ಬಹಳ ಹೊತ್ತು ಬೇಕಿಲ್ಲ. ಡಬ್ಬಿಯನ್ನು ಮೂರು ನಾಲ್ಕು ಸುತ್ತು ಹತ್ತಿಸಿ, ರಬ್ಬರ್ ತಾಗುವ ಮುಂಚೆ ಅಲ್ಲಾಡಿಸಿ ನೋಡಿ. ಕುಂಟುವ ಸ್ಟೂಲಿನ ಹಾಗೆ ಲಟಪಟ ಅಂದರೆ ಅದು ನಿಮ್ಮದಲ್ಲ. ಹೆಡ್ ಹಾಕಿದ ದಿನವೇ ಫಿಲ್ಟರ್ ನಂಬರನ್ನು ಬಾನೆಟ್‌ನ ಒಳಮೈಗೆ ಪೇಂಟಿನಲ್ಲಿ ಬರೆದುಬಿಡಿ. ಮುಂದೆ ನಿಮ್ಮ ಮಗನೋ ಡ್ರೈವರೋ ಅಂಗಡಿಗೆ ಹೋದಾಗ ಅಂದಾಜಿನಲ್ಲಿ ತರುವುದು ತಪ್ಪುತ್ತದೆ.

ಕಾರಿನ ಫಿಲ್ಟರ್ ಬೇಡ. ಅದರಲ್ಲಿ ಕಾಗದ ಕಮ್ಮಿ, ಡೀಸೆಲ್ ಎಂಜಿನ್ನಿನ ಮಸಿ ಹಿಡಿಯಲು ಜಾಗ ಸಾಲದು. ಅದೇ ಅಳತೆಯ ಟ್ರ್ಯಾಕ್ಟರ್ ಡೀಸೆಲ್ ಎಂಜಿನ್ನಿಗೆ ಬರುವ ಡಬ್ಬಿಯನ್ನೇ ತಗೊಳ್ಳಿ. ಹಾಗಂತ ಉದ್ದ ಜಾಸ್ತಿಯಾದರೆ ಒಳ್ಳೆಯದು ಅಂದುಕೊಳ್ಳಬೇಡಿ. ನಿಮ್ಮದು ಕೆಸರಿನಲ್ಲಿ ಇಳಿಯುವ ಗಾಡಿ, ಬೇಸಿಗೆಯಲ್ಲಿ ಕೂಳೆ ಮೇಲೆ ಓಡುವ ಗಾಡಿ. ಡಬ್ಬಿಯ ತಗಡು ಹಳೇ ಬೌಲ್‌ನಷ್ಟು ದಪ್ಪ ಇರುವುದಿಲ್ಲ. ಕೆಳಗೆ ಜೋತು ಬಿದ್ದರೆ ಒಂದು ಕಲ್ಲು ಸಾಕು. ಡಬ್ಬಿ ಅಡ್ಡಡ್ಡ ಅಥವಾ ಬಾಯಿ ಕೆಳಗಾಗಿ ಕೂರುವ ಹೆಡ್ ಆದರೆ, ಎಣ್ಣೆ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುವ ಡಬ್ಬಿ ಬೇಕು. ಸುತ್ತಿನ ಸಣ್ಣ ತೂತುಗಳೊಳಗೆ ಕಡ್ಡಿಯಿಂದ ಮುಟ್ಟಿದರೆ ಆ ರಬ್ಬರ್ ಸಿಗುತ್ತದೆ.

ಈಗ ನಿಮ್ಮ ಮಾವನವರ ಮಾತು. ಅವರ ಭಯ ಸಹಜ, ಆದರೆ ಡಬ್ಬಿ ಫಿಲ್ಟರಿನಿಂದ ಪ್ರೆಶರ್ ಹುಟ್ಟುವುದಿಲ್ಲ. ಪ್ರೆಶರ್ ನಿರ್ಧಾರವಾಗುವುದು ಪಂಪ್, ಬೇರಿಂಗಿನ ಸಂದಿ, ಎಣ್ಣೆಯ ದಪ್ಪ, ಇವುಗಳಿಂದ. ಮೇಲ್ಮಿತಿ ಕಾಯುವುದು ರಿಲೀಫ್ ವಾಲ್ವ್. ಅದು ಕೆರೆಯ ಕೋಡಿ ಇದ್ದ ಹಾಗೆ, ತುಂಬಿದ್ದು ಹರಿದು ಚೇಂಬರಿಗೆ ಹೋಗುತ್ತದೆ. ಈ ಮನೆತನದ ಮೂರು ಸಿಲಿಂಡರ್ ಎಂಜಿನ್‌ಗಳಿಗೆ ಬಿಸಿಯಾದ ಮೇಲೆ, ಕೆಲಸದ ವೇಗದಲ್ಲಿ, ಸಾಮಾನ್ಯವಾಗಿ 30ರಿಂದ 60 ಪಿಎಸ್ಐ ಇರಬೇಕು. ಫಿಲ್ಟರ್ ಬದಲಿಸಿದ ಮೇಲೆ ಮುಳ್ಳು ಮೊದಲಿಗಿಂತ ಮೇಲೆ ನಿಂತರೆ ಖುಷಿಪಡುವ ಮುಂಚೆ ಗೇಜಿನ ಪೈಪು ಎಲ್ಲಿಂದ ಬಂದಿದೆ ನೋಡಿ. ಫಿಲ್ಟರಿಗಿಂತ ಹಿಂದಿನಿಂದ ಬಂದಿದ್ದರೆ, ಏರಿದ ಮುಳ್ಳು ‘ಮುಂದೆ ದಾರಿ ಕಟ್ಟಿದೆ’ ಅಂತ ಹೇಳುತ್ತಿದೆ. ಫಿಲ್ಟರ್ ದಾಟಿದ ಜಾಗದಿಂದ ಬಂದಿದ್ದರೆ ಮಾತ್ರ ಆ ಅಂಕಿ ಬೇರಿಂಗಿಗೆ ಸಿಗುವ ಪ್ರೆಶರ್.

ಅದಕ್ಕೇ ಪಾನಾ ಹಿಡಿಯುವ ಮುಂಚೆ ಒಂದು ದಿನ ಬರೀ ಅಳತೆಗೆ ಇಡಿ. ಹಳೇ ಗೇಜನ್ನು ನಂಬಬೇಡಿ. ಒಂದು ಒಳ್ಳೆಯ ಮೆಕ್ಯಾನಿಕಲ್ ಗೇಜ್ ತಾತ್ಕಾಲಿಕವಾಗಿ ಕಟ್ಟಿ. ಒಂದು ತಾಸು ಕೆಲಸ ಮಾಡಿಸಿ, ಎಂಜಿನ್ ಬಿಸಿಯಾದ ಮೇಲೆ ಸ್ಲೋನಲ್ಲಿ ಎಷ್ಟು, ಕೆಲಸದ ವೇಗದಲ್ಲಿ ಎಷ್ಟು, ಬರೆದಿಡಿ. ಬೆಳಿಗ್ಗೆ ತಂಪು ಎಂಜಿನ್ನಿನಲ್ಲಿ ಮುಳ್ಳು ಏಳಲು ಎಷ್ಟು ಸೆಕೆಂಡ್ ಅನ್ನುವುದನ್ನೂ ಮೊಬೈಲಿನಲ್ಲಿ ಎಣಿಸಿ. ಬಿಸಿಯಲ್ಲಿ, ಕೆಲಸದ ವೇಗದಲ್ಲೇ 30ಕ್ಕಿಂತ ಕೆಳಗಿದ್ದರೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಪಂಪ್, ರಿಲೀಫ್ ವಾಲ್ವ್, ಬೇರಿಂಗ್ ನೋಡಬೇಕು. ಬಿಸಿಯಲ್ಲಿ ಚೆನ್ನಾಗಿದ್ದು ಬೆಳಿಗ್ಗೆ ಮಾತ್ರ ತಡವಾದರೆ ರಾತ್ರಿ ಎಲ್ಲಿಂದಲೋ ಎಣ್ಣೆ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಆಗ ಬೌಲ್‌ನ ಸೀಲ್‌ಗಳ ಮೇಲೆ ನನ್ನ ಅನುಮಾನ ಮೊದಲು.

ಬದಲಿಸುವ ದಿನ ಎಂಜಿನ್ ಬಿಸಿಯಿದ್ದಾಗಲೇ ಎಣ್ಣೆ ಇಳಿಸಿ. 15ಡಬ್ಲ್ಯೂ-40 ದರ್ಜೆಯ ಒಳ್ಳೆಯ ಡೀಸೆಲ್ ಎಂಜಿನ್ ಆಯಿಲ್ ತಂದಿಡಿ. ಡಬ್ಬಿ ಬಾಯಿ ಮೇಲಾಗಿ ಹತ್ತುವಂಥದ್ದಾದರೆ ಅದಕ್ಕೆ ಮೊದಲೇ ಎಣ್ಣೆ ತುಂಬಿ. ಸುತ್ತಿನ ಸಣ್ಣ ತೂತುಗಳಿಂದ ತುಂಬಿ, ನಡುವಿನ ತೂತಿನಿಂದ ಬೇಡ. ನಿಧಾನ ಆಗುತ್ತದೆ, ಆದರೆ ಸೋಸದ ಎಣ್ಣೆ ಒಳಗಡೆ ಹೋಗುವುದಿಲ್ಲ. ರಬ್ಬರಿಗೆ ಬೆರಳಿನಿಂದ ಎಣ್ಣೆ ಸವರಿ. ರಬ್ಬರ್ ಮುಖಕ್ಕೆ ತಾಗುವವರೆಗೆ ತಿರುಗಿಸಿ. ಅಲ್ಲಿಂದ ಮುಂದೆ ಕೈಯಲ್ಲೇ ಅರ್ಧದಿಂದ ಮುಕ್ಕಾಲು ಸುತ್ತು, ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದರ ಪ್ರಕಾರ. ಚೈನ್ ಪಾನಾ ಬಿಚ್ಚಲು ಮಾತ್ರ.

ಆಮೇಲೆ ಸ್ಟಾಪ್ ನಾಬ್ ಎಳೆದು ಹಿಡಿದು ಸೆಲ್ಫ್ ಹೊಡೆಯಿರಿ. ಎಂಜಿನ್ ಸ್ಟಾರ್ಟ್ ಆಗಬಾರದು, ತಿರುಗಬೇಕು ಅಷ್ಟೇ. ಹತ್ತು ಹದಿನೈದು ಸೆಕೆಂಡ್ ತಿರುಗಿಸಿ, ಮೋಟರ್ ಆರಲು ಬಿಡಿ, ಮತ್ತೆ ತಿರುಗಿಸಿ. ಗೇಜಿನ ಮುಳ್ಳು ಅಲುಗಾಡಿದ ಮೇಲೆ ನಾಬ್ ಬಿಟ್ಟು ಸ್ಟಾರ್ಟ್ ಮಾಡಿ. ಸ್ಲೋನಲ್ಲೇ ಇರಲಿ. ಹತ್ತು ಸೆಕೆಂಡಿನಲ್ಲಿ ಪ್ರೆಶರ್ ಬರದಿದ್ದರೆ ತಕ್ಷಣ ನಿಲ್ಲಿಸಿ. ಬಂದರೆ ಡಬ್ಬಿಯ ಸುತ್ತ, ಗ್ಯಾಸ್ಕೆಟ್ ಸುತ್ತ ಬಿಳಿ ಪೇಪರ್ ಒತ್ತಿ ನೋಡಿ. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಗಾಡಿ ಸಮತಟ್ಟಿನಲ್ಲಿದ್ದಾಗ ಡಿಪ್‌ಸ್ಟಿಕ್ ನೋಡಿ ಎಣ್ಣೆ ಸರಿ ಮಾಡಿ. ಬೌಲ್ ಹಿಡಿಯುತ್ತಿದ್ದ ಎಣ್ಣೆಗೂ ಡಬ್ಬಿ ಹಿಡಿಯುವ ಎಣ್ಣೆಗೂ ವ್ಯತ್ಯಾಸ ಇರುತ್ತದೆ. ಇಷ್ಟು ಲೀಟರ್ ಅಂತ ಹಳೇ ಲೆಕ್ಕದಲ್ಲಿ ಸುರಿಯಬೇಡಿ.

ಮುಂದಿನ ಸಲ ಡಬ್ಬಿ ಬಿಚ್ಚಿದಾಗ ಒಂದು ಎಚ್ಚರ. ನಮ್ಮ ಶೆಡ್‌ನಲ್ಲೇ ಒಮ್ಮೆ ಆದದ್ದು ಹೇಳುತ್ತೇನೆ. ಕೆಲಸ ಕಲಿಯಲು ಬಂದ ಹುಡುಗ ಡಬ್ಬಿ ಬದಲಿಸಿದ. ‘ಅಣ್ಣಾ, ಬಿಗಿ ಮಾಡೀನ್ರಿ’ ಅಂದ. ಸ್ಟಾರ್ಟ್ ಮಾಡಿದ್ದೇ ತಡ, ಎಣ್ಣೆ ಚಿಲುಮೆಯ ಹಾಗೆ ಚಿಮ್ಮಿ ಗೋಡೆಗೆ ಬಡಿಯಿತು. ಹಳೇ ಡಬ್ಬಿಯ ರಬ್ಬರ್ ಹೆಡ್‌ಗೇ ಅಂಟಿಕೊಂಡಿತ್ತು, ಅದರ ಮೇಲೆ ಹೊಸದು ಕೂತಿತ್ತು. ಎರಡು ರಬ್ಬರ್ ಒಂದರ ಮೇಲೊಂದು ಜಾರಿ ಹೊರಗೆ ಬಂದಿತ್ತು. ಆ ದಿನದಿಂದ ಬಿಚ್ಚಿದ ಡಬ್ಬಿಯ ಬಾಯಿಯಲ್ಲಿ ರಬ್ಬರ್ ಇದೆಯೋ ಇಲ್ಲವೋ ನನಗೆ ತೋರಿಸದೆ ಹೊಸದನ್ನು ಹಾಕಲು ಬಿಡುವುದಿಲ್ಲ. ಆ ಹುಡುಗ ಈಗ ಸ್ವಂತ ಶೆಡ್ ಇಟ್ಟಿದ್ದಾನೆ, ಅವನೂ ತನ್ನ ಹುಡುಗರ ಹತ್ತಿರ ಅದನ್ನೇ ಮಾಡಿಸುತ್ತಾನೆ.

ಮೊದಲ ಡಬ್ಬಿಯನ್ನು ಪೂರ್ತಿ ಅವಧಿ ಓಡಿಸಬೇಡಿ. ಇಷ್ಟು ವರ್ಷ ಎಣ್ಣೆ ಸರಿಯಾಗಿ ಸೋಸದೆ ಓಡಿದ ಎಂಜಿನ್ನಿನಲ್ಲಿ ಮಡ್ಡಿ ಕೂತಿರುತ್ತದೆ, ಒಳ್ಳೆಯ ಎಣ್ಣೆ ಅದನ್ನು ಬಿಡಿಸುತ್ತದೆ. 50 ತಾಸು ಆದಾಗ ಅದನ್ನು ಬದಲಿಸಿಬಿಡಿ. ಆಮೇಲೆ 200, 250 ತಾಸಿಗೆ, ಧೂಳು ಜಾಸ್ತಿ ಇದ್ದ ಸೀಸನ್‌ನಲ್ಲಿ ಇನ್ನೂ ಮುಂಚೆ. ಬಿಚ್ಚಿದ ಡಬ್ಬಿಯನ್ನು ಸೀದಾ ಎಸೆಯಬೇಡಿ. ಬಾಯಿಯ ಕಡೆ ತಗಡನ್ನು ಕಟರಿನಿಂದ ಬಿಡಿಸಿ. ಹ್ಯಾಕ್ಸಾ ಹಾಕಿದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಕಾಗದ ಕತ್ತರಿಸಿ, ಹಿಂಡಿ, ಬಿಸಿಲಿನಲ್ಲಿ ಹರಡಿ ನೋಡಿ. ಮಿಂಚುವ ಪುಡಿ ಅಯಸ್ಕಾಂತಕ್ಕೆ ಹತ್ತಿದರೆ ಕಬ್ಬಿಣ. ಹತ್ತದೆ ತಾಮ್ರದ ಬಣ್ಣವಿದ್ದರೆ ಬೇರಿಂಗ್ ಅಥವಾ ಬುಷ್. ಒಂದೆರಡು ಚುಕ್ಕೆಗೆ ಹೆದರಬೇಡಿ. ಮಡಿಕೆ ಮಡಿಕೆಯಲ್ಲೂ ಸಿಕ್ಕರೆ ಗಾಡಿ ನಿಲ್ಲಿಸಿ ಚೇಂಬರ್ ಇಳಿಸಿ. ಬೌಲ್ ಹೋದ ಮೇಲೆ ಎಂಜಿನ್ನಿನ ಒಳಗನ್ನು ನೋಡುವ ಕಿಟಕಿ ಇದೊಂದೇ. ಇಳಿಸಿದ ಎಣ್ಣೆಯನ್ನು ಕಾಲುವೆ ಬದಿಗೆ ಚೆಲ್ಲಬೇಡಿ, ಕ್ಯಾನಿನಲ್ಲಿ ಹಿಡಿದಿಟ್ಟು ಸುಟ್ಟೆಣ್ಣೆ ಕೊಳ್ಳುವವರಿಗೆ ಕೊಡಿ.

ನೀವು ಈಗ ಲೇತ್‌ಗೆ ಹೋಗುವ ಮುಂಚೆ ಬೌಲ್ ಬಿಚ್ಚಿ, ಹೆಡ್‌ನ ಅಡಿಭಾಗದ ಫೋಟೋ, ಎಂಜಿನ್ ಪ್ಲೇಟಿನ ಫೋಟೋ ತೆಗೆದು ನನಗೆ ಕಳಿಸಿ. ತಳದ ಸೀಲ್ ಸಿಕ್ಕಿತೋ ಇಲ್ಲವೋ ಬರೆಯಿರಿ. ಬಿಸಿಯಲ್ಲಿ ಸ್ಲೋನ ಅಂಕಿ, ಕೆಲಸದ ವೇಗದ ಅಂಕಿ, ಬೆಳಗಿನ ಸೆಕೆಂಡ್, ಈ ಮೂರೂ ಬೇಕು. ಅದು ನೋಡಿದ ಮೇಲೆ ಯಾವ ಹೆಡ್, ಯಾವ ಡಬ್ಬಿ ಅಂತ ಹೇಳುತ್ತೇನೆ. ಕಾಲುವೆಗೆ ನೀರು ಬಿಡುವ ಮುಂಚೆ ಈ ಕೆಲಸ ಮುಗಿಸೋಣ.